ಮದುವೆ ನಿಂತ ರಾತ್ರಿ ಆ ಹುಡುಗಿ ಎಲ್ಲಿ ಮಲಗಬೇಕು?

ಲೈಬ್ರರಿ ಪುಸ್ತಕ ತಾನಾಗಿ ವಾಪಸ್ ಬಂದಾಗಲೇ ನನಗೆ ಅನುಮಾನ ಬಂದಿತ್ತು. ನಮ್ಮ ಶಾಲೆಯ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರು, ಅದರ ಕೀಲಿ ನನ್ನ ಹತ್ತಿರ. ಒಂಬತ್ತನೇ ತರಗತಿಯ ಆ ಹುಡುಗಿ ಒಮ್ಮೆ ಪುಸ್ತಕ ಒಯ್ದರೆ ಮೂರು ಸಲ ಕೇಳಿದ ಮೇಲೇ ಕೊಡುವವಳು. ಅವತ್ತು ನಾನು ಕೇಳಿರಲೇ ಇಲ್ಲ. ಹರಿದಿದ್ದ ರಟ್ಟಿನ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿ, ಟೇಬಲ್ ಮೇಲೆ ತಂದಿಟ್ಟಳು.

"ಓದಿ ಮುಗೀತೇನು?"

"ಇಲ್ರೀ ಅಕ್ಕಾರ, ಅರ್ಧಾ ಆಗೇತಿ."

ಮತ್ತೆ ಯಾಕೆ ತಂದಿ ಅಂದರೆ ಬಾಗಿಲ ಕಡೆ ನೋಡಿದಳು. ಉಗುರಿನ ಸಂದಿಯಲ್ಲಿ ಅರಿಷಿಣ ಇತ್ತು.

ಇದು 2022ರ ನವೆಂಬರ್ ಮಾತು. ಊರು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಕಾಲುವೆ ನೀರು ಹತ್ತದ, ಮಳೆಯನ್ನೇ ನಂಬಿದ ಸೀಮೆ. ಊರಿನ ಹೆಸರು, ಹುಡುಗಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಬಾರದು ಅಂತ ಕಾನೂನೂ ಹೇಳುತ್ತದೆ, ನನ್ನ ಮನಸ್ಸೂ ಹೇಳುತ್ತದೆ. ಬಿಸಿಯೂಟದ ಹೊತ್ತಿಗೆ ಅವಳ ಗೆಳತಿಯರಿಂದ ಉಳಿದ ವಿಷಯ ಗೊತ್ತಾಯಿತು. ಮದುವೆ ಭಾನುವಾರ. ವರ ಸೋದರಮಾವ, ಅಂದರೆ ಅವ್ವನ ತಮ್ಮ, ಇಪ್ಪತ್ತಾರರ ಆಸುಪಾಸು. ಹುಡುಗಿಗೆ ಹದಿನಾಲ್ಕು.

ಅವತ್ತು ರಾತ್ರಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಹಾಗೆ ಮಾಡುವ ಮೊದಲು ಎರಡು ತಾಸು ಮಾಡಲೋ ಬೇಡವೋ ಅಂತ ಕೂತಿದ್ದೆ. ನಾನು ಬಾಡಿಗೆಗೆ ಇದ್ದದ್ದು ಅದೇ ಊರಲ್ಲಿ. ಆ ಹುಡುಗಿಯ ಅವ್ವ ನಮ್ಮ ಮನೆಗೆ ಹಾಲು ಕೊಡುತ್ತಿದ್ದಳು. ಅವರ ಮನೆಯೊಳಗಿನ ತೀರ್ಮಾನಕ್ಕೆ ನಾನು ಯಾರು ಅನ್ನುವ ಪ್ರಶ್ನೆ ಬೇರೆ ಯಾರೂ ಕೇಳುವ ಮೊದಲು ನಾನೇ ಕೇಳಿಕೊಂಡಿದ್ದೆ. ಫೋನಿನ ಆಚೆ ಇದ್ದ ಹೆಣ್ಣುಮಗಳು ಊರು, ದಿನ, ಹುಡುಗಿಯ ವಯಸ್ಸು ಬರೆದುಕೊಂಡು, "ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ ಮೇಡಂ" ಅಂದಳು. ನಾನು ಹೇಳಲಿಲ್ಲ.

ಶನಿವಾರ ಜೀಪು ಬಂತು. ಮಹಿಳಾ ಮತ್ತು ಮಕ್ಕಳ ಇಲಾಖೆಯ ತಾಲ್ಲೂಕು ಅಧಿಕಾರಿ ಅಂದರೆ ಸಿಡಿಪಿಒ, ಅಂಗನವಾಡಿ ಸೂಪರ್‌ವೈಸರ್, ಪಂಚಾಯಿತಿಯ ಪಿಡಿಒ, ಇಬ್ಬರು ಪೊಲೀಸರು. ವಯಸ್ಸಿನ ದಾಖಲೆ ಬೇಕು ಅಂತ ಶಾಲೆಗೆ ಹೇಳಿ ಕಳಿಸಿದರು. ಹೆಡ್‌ಮಾಸ್ತರ ಜೊತೆ ದಾಖಲಾತಿ ಪುಸ್ತಕ ಹಿಡಿದು ಹೋದವಳು ನಾನೇ. ಮನೆ ಮುಂದೆ ಹಂದರ ಹಾಕಿತ್ತು, ಒಲೆ ಮೇಲೆ ಗೋದಿ ಹುಗ್ಗಿ ಕುದಿಯುತ್ತಿತ್ತು. ಸೂಪರ್‌ವೈಸರ್ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಹುಟ್ಟಿದ ತಾರೀಖು ಗಟ್ಟಿಯಾಗಿ ಓದಿದರು. ಅಪ್ಪ ಒಂದು ಮಾತೂ ಆಡಲಿಲ್ಲ. ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಹಂದರದ ಗಳಕ್ಕೆ ಒರೆಸಿದ. ಮಾತಾಡಿದ್ದು ಅವ್ವ. ಅಧಿಕಾರಿಗಳ ಜೊತೆ ಅಲ್ಲ, ನನ್ನ ಜೊತೆ. ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ, ಮಗಳ ಹೆಸರಿಗೆ ಸರ್ಕಾರ ಕೊಟ್ಟಿದ್ದ ಭಾಗ್ಯಲಕ್ಷ್ಮಿ ಬಾಂಡ್ ತಂದಳು.

"ಇದರ ರೊಕ್ಕ ಹದಿನೆಂಟಕ್ಕ ಬರತೈತಿ ಅಂತ ನನಗೂ ಗೊತ್ತೈತ್ರಿ ಅಕ್ಕಾರ. ಹದಿನೆಂಟು ಆಗೋತನಾ ಈಕಿನ್ನ ಯಾರ್ ಕಾಯ್ತಾರ ಹೇಳ್ರಿ. ನಾವು ಸೋಮಾರ ಬೆಂಗಳೂರಿಗೆ ಹೊಂಟೀವಿ. ಮೇಸ್ತ್ರಿ ಕಡಿಂದ ಮುಂಗಡ ಇಸ್ಕೊಂಡೀವಿ. ನಮ್ಮತ್ತಿಗೆ ಕಣ್ಣು ಕಾಣಂಗಿಲ್ಲ. ಅಲ್ಲಿ ಶೆಡ್ಡಿನ್ಯಾಗ ಬಾಗಲಾ ಇಲ್ಲ, ತಗಡು ಅಡ್ಡ ಇಡ್ತೀವಿ. ನಮ್ಮ ತವರ್ಮನಿ ಅಂದ್ರ ನಮ್ಮವ್ವ ಅದಾಳ, ಹೊಟ್ಟಿಗೆ ಹಾಕ್ತಾಳ, ಕಣ್ಣಿಟ್ಟು ನೋಡ್ಕೋತಾಳ. ಹೊರಗಿನವ್ರಿಗೆ ಕೊಡಾಕತ್ತಿಲ್ಲ ನಾನು."

ಆಗ ನನ್ನ ಬಾಯಿಂದ ಉತ್ತರ ಬರಲಿಲ್ಲ. ಇಷ್ಟು ವರ್ಷ ಆದ ಮೇಲೂ ಆ ಮಾತಿನ ಸುತ್ತಲೇ ನನ್ನ ಯೋಚನೆ ಸುತ್ತುತ್ತಿದೆ. ಈ ಬರಹ ಬರೆಯಲು ಕೂತದ್ದೂ ಅದಕ್ಕೇ. ಆಕೆ ಮಗಳ ಮದುವೆ ಮಾಡುತ್ತಿರಲಿಲ್ಲ. ಮಗಳಿಗೆ ಹಾಸ್ಟೆಲ್ ಹುಡುಕುತ್ತಿದ್ದಳು. ಅವಳ ಕೈಗೆ ಸಿಕ್ಕ ಒಂದೇ ಹಾಸ್ಟೆಲ್ ತಮ್ಮನ ಮನೆ, ಅಲ್ಲಿ ಸೀಟು ಸಿಗಬೇಕಾದರೆ ತಾಳಿ ಕಟ್ಟಿಸಬೇಕಿತ್ತು.

ಗುಳೆ ಅಂದರೆ ಏನು ಅಂತ ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಮುಂಗಾರಿನ ಬೆಳೆ ಕೈಗೆ ಬಂದರೂ ಬಾರದಿದ್ದರೂ, ದೀಪಾವಳಿ ಮುಗಿಯುತ್ತಲೇ ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಬೆಂಗಳೂರು, ಮಂಗಳೂರು, ಗೋವಾ ಹಿಡಿಯುತ್ತಾರೆ. ಚಿಕ್ಕ ಕೂಸುಗಳನ್ನು ಎತ್ತಿಕೊಂಡು ಹೋಗುತ್ತಾರೆ. ಗಂಡು ಹುಡುಗರು ಅಜ್ಜಿಯ ಜೊತೆ ಉಳಿಯುತ್ತಾರೆ. ಮೈನೆರೆದ ಹುಡುಗಿಯನ್ನು ಮಾತ್ರ ಬಿಟ್ಟೂ ಹೋಗಲಾರರು, ಕರೆದುಕೊಂಡೂ ಹೋಗಲಾರರು. ನಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆದು ಡಿಸೆಂಬರ್ ತಿಂಗಳ ಪುಟ ನೋಡಿದರೆ ಯಾವ ಸಾಲಿನಲ್ಲಿ ಗೈರು ಶುರುವಾಗಿದೆ ಅಂತ ಕಣ್ಣಿಗೆ ಹೊಡೆಯುತ್ತದೆ.

ಆ ಹುಡುಗಿಯನ್ನು ಅವತ್ತೇ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದರು. ಬಾಲಮಂದಿರದಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಅಪ್ಪ ಅವ್ವ ಬೆಂಗಳೂರಿಗೆ ಹೋಗುವುದನ್ನು ಮುಂದೆ ಹಾಕಿ, ಎರಡು ಸಲ ಬಸ್ ಚಾರ್ಜು ಖರ್ಚು ಮಾಡಿ ಬಂದು, ಇನ್ನೊಂದು ಮುಚ್ಚಳಿಕೆ ಕೊಟ್ಟು ಮಗಳನ್ನು ಕರೆದುಕೊಂಡು ಹೋದರು. ನಾನು ಆ ಹನ್ನೆರಡು ದಿನದಲ್ಲಿ ಒಂದು ಹಾಸ್ಟೆಲ್ ಸೀಟಿಗಾಗಿ ಓಡಾಡಿದೆ. ಪ್ರವೇಶ ಜೂನ್-ಜುಲೈಯಲ್ಲೇ ಮುಗಿದಿತ್ತು, ನವೆಂಬರ್‌ನಲ್ಲಿ ಸೀಟು ಎಲ್ಲಿಂದ ತರಲಿ ಅಂತ ವಾರ್ಡನ್ ಕೇಳಿದರು. ಅವರ ಮಾತು ಸುಳ್ಳಲ್ಲ, ಒಂದೊಂದು ಕೋಣೆಯಲ್ಲಿ ಆಗಲೇ ಹೆಚ್ಚು ಹುಡುಗಿಯರಿದ್ದರು. ಮೊರಾರ್ಜಿ ವಸತಿ ಶಾಲೆಗೆ ಐದನೇ ತರಗತಿಯಲ್ಲಿರುವಾಗಲೇ ಪರೀಕ್ಷೆ ಬರೆದು ಆರನೇ ತರಗತಿಗೆ ಸೇರಬೇಕು. ಅದು ತಪ್ಪಿದರೆ ನಡುವೆ ಬಾಗಿಲು ತೆರೆಯುವುದು ಅಪರೂಪ. ನಮಗೆ ಹತ್ತಿರ ಇದ್ದ ಹುಡುಗಿಯರ ಕಸ್ತೂರಬಾ ವಸತಿ ವಿದ್ಯಾಲಯದಲ್ಲಿ ಎಂಟನೇ ತರಗತಿ ತನಕ ಮಾತ್ರ. ಇವಳು ಒಂಬತ್ತು.

ನಮ್ಮ ಕಾನೂನುಗಳೆಲ್ಲ ಈ ವಯಸ್ಸಿನಲ್ಲೇ ಕೈ ಬಿಡುತ್ತವೆ ಅನ್ನುವುದು ನನಗೆ ಹೊಳೆದದ್ದು ಆ ಓಡಾಟದಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದಾಗಲೂ ಪೂರ್ತಿ ನಿಷೇಧ ಹದಿನಾಲ್ಕರ ತನಕ, ಆಮೇಲೆ ಅಪಾಯಕಾರಿ ಕೆಲಸಗಳಿಗೆ ಮಾತ್ರ ತಡೆ. ಮದುವೆಗೆ ಹದಿನೆಂಟು. ಭಾಗ್ಯಲಕ್ಷ್ಮಿಗೆ ಹದಿನೆಂಟು. ಹದಿನೆಂಟಕ್ಕೆ ಒಂದು ಲಕ್ಷದ ಹತ್ತಿರದ ಮೊತ್ತ ಇಟ್ಟು ಕಾಯುವ ಸರ್ಕಾರ, ಹದಿನಾಲ್ಕು ದಾಟಿದ ಹುಡುಗಿ ಅಲ್ಲಿಯ ತನಕ ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ಯೋಚಿಸಿಲ್ಲ. ಅವ್ವ ಬಾಂಡ್ ತಂದು ತೋರಿಸಿದ್ದು ಇದನ್ನೇ.

ಆಮೇಲೆ ಆದದ್ದು ಚಿಕ್ಕದು. ಬೆಂಗಳೂರಿಗೆ ಕರೆದೊಯ್ದರು. ಮೂರು ತಿಂಗಳಾದ ಮೇಲೆ ಅಲ್ಲೇ ಯಾವುದೋ ಗುಡಿಯಲ್ಲಿ, ಹಂದರ ಇಲ್ಲದೆ, ಲಗ್ನಪತ್ರಿಕೆ ಇಲ್ಲದೆ, ಅದೇ ಸೋದರಮಾವನ ಜೊತೆ ಮದುವೆ ಆಯಿತು.

ಕರ್ನಾಟಕದ ಕಾನೂನಿನ ಪ್ರಕಾರ ಆ ಮದುವೆ ಆಗಿಯೇ ಇಲ್ಲ. ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಇಂಥ ಮದುವೆಯನ್ನು ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನಮ್ಮ ರಾಜ್ಯ 2016ರ ತಿದ್ದುಪಡಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಅಂತ ಬರೆಯಿತು, ಮಾಡಿಸಿದವರಿಗೆ ಕನಿಷ್ಠ ಒಂದು ವರ್ಷ ಶಿಕ್ಷೆ ಇಟ್ಟಿತು. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿ ಉಳಿದ ರಾಜ್ಯಗಳಿಗೂ ತೋರಿಸಿತು. ನಾನೂ ಮೆಚ್ಚುತ್ತೇನೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ ಎದೆ ಭಾರವಾಗುತ್ತದೆ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ 2015-16ರಲ್ಲಿ ಶೇ. 21.4. 2019-21ರಲ್ಲಿ ಶೇ. 21.3. ಸಮೀಕ್ಷೆಗೆ ಉತ್ತರ ಕೊಟ್ಟವರಲ್ಲಿ ಎಷ್ಟೋ ಮದುವೆಗಳು ತಿದ್ದುಪಡಿಗಿಂತ ಮೊದಲೇ ಆಗಿದ್ದವು ಅನ್ನುವುದು ನಿಜ. ಆದರೂ ಐದಕ್ಕೆ ಒಬ್ಬಳು ಅನ್ನುವ ಲೆಕ್ಕ ಅಲ್ಲಾಡಲೇ ಇಲ್ಲ.

ಇದನ್ನೆಲ್ಲ ಹೇಳಿದಾಗ ಕೆಲವರು, "ನೋಡಿದ್ರಾ, ಅದಕ್ಕೇ ಹೇಳೋದು, ಮನೆ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು" ಅನ್ನುತ್ತಾರೆ. ನನ್ನ ತಮ್ಮನೇ ಅನ್ನುತ್ತಾನೆ. 2011ರಲ್ಲಿ ನಾರ್ವೆಯಲ್ಲಿ ಬಂಗಾಳಿ ದಂಪತಿಯ ಎರಡು ಮಕ್ಕಳನ್ನು ಅಲ್ಲಿನ ಮಕ್ಕಳ ಇಲಾಖೆ ಎತ್ತಿಕೊಂಡು ಹೋದದ್ದು, ಕೈತುತ್ತು ಉಣಿಸಿದ್ದನ್ನೂ ಪಕ್ಕದಲ್ಲಿ ಮಲಗಿಸಿಕೊಂಡದ್ದನ್ನೂ ತಪ್ಪು ಅಂದರು ಅಂತ ಆ ತಂದೆ ತಾಯಿ ಹೇಳಿದ್ದು, ಇದು ಅವನು ಪ್ರತಿ ಸಲ ತೆಗೆಯುವ ಉದಾಹರಣೆ. ಆ ಭಯ ಹುಸಿಯಲ್ಲ. ಬೇರೆ ಊಟ, ಬೇರೆ ಹಾಸಿಗೆ ಕಂಡ ಕೂಡಲೇ ಅಪಾಯ ಅಂದುಕೊಳ್ಳುವ ಅಧಿಕಾರಿಯ ಕೈಗೆ ಮಗುವನ್ನು ಕೊಡಬಾರದು.

ಆದರೆ ನಮ್ಮಲ್ಲಿ "ಮನೆ ವಿಷಯ" ಅನ್ನುವ ಮಾತಿನ ಚರಿತ್ರೆ ನನಗೆ ಚೆನ್ನಾಗಿ ಗೊತ್ತು. 1891ರಲ್ಲಿ ಬ್ರಿಟಿಷ್ ಸರ್ಕಾರ ಹುಡುಗಿಯರಿಗೆ ದೈಹಿಕ ಸಂಬಂಧಕ್ಕೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಹೊರಟಾಗ ತಿಲಕರಂಥವರೇ ವಿರೋಧಿಸಿದರು. ನಮ್ಮ ಮನೆಯೊಳಗೆ ಪರದೇಶಿ ಸರ್ಕಾರ ಯಾಕೆ ಬರಬೇಕು ಅನ್ನುವುದು ಆಗಿನ ವಾದ. ಮೂರೇ ವರ್ಷಕ್ಕೆ ಮೈಸೂರು ಸಂಸ್ಥಾನ ತಾನೇ ಕಾನೂನು ಮಾಡಿತು. ಚಾಮರಾಜೇಂದ್ರ ಒಡೆಯರ ಕಾಲ, ಶೇಷಾದ್ರಿ ಅಯ್ಯರ್ ದಿವಾನರು. ಇಲ್ಲಿ ಪರದೇಶಿ ಅನ್ನುವ ನೆಪ ಇರಲಿಲ್ಲ, ಆದರೂ ವಿರೋಧ ಇತ್ತು. 1894ರ ಆ ಕಾನೂನಿನಲ್ಲಿ ಇದ್ದದ್ದಾದರೂ ಏನು? ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು. ಇಷ್ಟೇ. 1929ರ ಶಾರದಾ ಕಾಯ್ದೆ ಹೆಣ್ಣಿಗೆ ಹದಿನಾಲ್ಕು ಅಂದಿತು, 1978ರಲ್ಲಿ ಹದಿನೆಂಟಾಯಿತು. ಏಳು ವರ್ಷದ ಮಗುವಿಗೆ ತಾಳಿ ಕಟ್ಟುವುದು ಮನೆಯವರ ಹಕ್ಕು ಅಂತ ಇವತ್ತು ನನ್ನ ತಮ್ಮನೂ ಹೇಳಲಾರ. ಹೇಳಲಾರದ ಹಾಗೆ ಮಾಡಿದ್ದು ಮನೆಯವರ ಒಳ್ಳೆಯತನ ಒಂದೇ ಅಲ್ಲ, ಹೊರಗಿನಿಂದ ಬಂದ ಕಟ್ಟಳೆಯೂ ಹೌದು.

ಅಷ್ಟಕ್ಕೂ ಸರ್ಕಾರ ಮನೆಯೊಳಗೆ ಬಂದು ಎಷ್ಟೋ ಕಾಲವಾಯಿತು. ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ತಿ. ನರಸೀಪುರದಲ್ಲಿ ಶುರುವಾದವು. ಬಸುರಿಯ ತೂಕ, ಕೂಸಿನ ಚುಚ್ಚುಮದ್ದು, ಎಲ್ಲವೂ ತಾಯಿ ಕಾರ್ಡಿನಲ್ಲಿ ಇದೆ. 2002ರಲ್ಲಿ ಬಿಸಿಯೂಟ ಬಂತು. ಮಕ್ಕಳಿಗೆ ಉಣಿಸುವುದು ತಾಯಿ ಕೆಲಸ, ಸರ್ಕಾರದ್ದಲ್ಲ ಅಂತ ನಮ್ಮ ಕಡೆಯ ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಗಳಿಂದ ವಿರೋಧ ಬಂತು. ಶಾಲೆಯಲ್ಲಿ ನಡೆದದ್ದು ಏನು ಅಂದರೆ, ಮೊಟ್ಟೆ ತಿನ್ನುವವರು ಮೊಟ್ಟೆ ತಿಂದರು, ಒಲ್ಲೆ ಅಂದವರಿಗೆ ಬಾಳೆಹಣ್ಣು ಕೊಟ್ಟೆವು. ಒಂದೇ ಸಾಲಿನಲ್ಲಿ ಕೂತು ತಿಂದರು. ಮನೆಯ ನಡವಳಿಕೆಗೂ ಮರ್ಯಾದೆ ಸಿಕ್ಕಿತು, ಮಗುವಿನ ಹೊಟ್ಟೆಗೂ ಬಿತ್ತು. ಸರ್ಕಾರ ಮನೆಯೊಳಗೆ ಬರುವುದಾದರೆ ಹೀಗೆ ಬರಲಿ ಅಂತ ಆ ದಿನ ಅನ್ನಿಸಿತ್ತು.

ಇನ್ನೊಂದು ರೀತಿ ಬಂದದ್ದೂ ಇದೆ. 2023ರ ಫೆಬ್ರವರಿಯಲ್ಲಿ ಅಸ್ಸಾಂ ಸರ್ಕಾರ ಬಾಲ್ಯವಿವಾಹದ ಹೆಸರಿನಲ್ಲಿ ಸಾವಿರಾರು ಗಂಡಸರನ್ನು ಬಂಧಿಸಿತು. ಎಷ್ಟೋ ಮದುವೆಗಳು ವರ್ಷಗಳ ಹಿಂದೆ ಆದವು. ಕಂಕುಳಲ್ಲಿ ಕೂಸು ಹೊತ್ತ ಹುಡುಗಿಯರು ಪೊಲೀಸ್ ಠಾಣೆಗಳ ಮುಂದೆ ಅತ್ತರು, ದುಡಿದು ತರುವವನನ್ನು ಒಯ್ದರೆ ನಾವು ಏನು ತಿನ್ನಬೇಕು ಅಂತ. ಯಾರನ್ನು ಕಾಪಾಡಲು ಕಾನೂನು ಬಂತೋ ಅವರ ಒಲೆಯೇ ಆರಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯದ್ದೂ ನಮ್ಮಲ್ಲಿ ಒಂದು ಸಂಕಟ ಇದೆ. ಹದಿನೆಂಟು ತುಂಬದ ಬಸುರಿ ಆಸ್ಪತ್ರೆಗೆ ಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಅವಳು ಆಸ್ಪತ್ರೆಗೆ ಬರುವುದೇ ಇಲ್ಲ, ಅಥವಾ ವಯಸ್ಸು ಹತ್ತೊಂಬತ್ತು ಅಂತ ಬರೆಸುತ್ತಾಳೆ. ಆಶಾ ಕಾರ್ಯಕರ್ತೆಗೆ ನಿಜ ಗೊತ್ತಿರುತ್ತದೆ. ಬಾಯಿ ಬಿಟ್ಟರೆ ಆ ಮನೆಯ ಬಾಗಿಲು ಮುಚ್ಚುತ್ತದೆ, ಬಿಡದಿದ್ದರೆ ತನ್ನ ತಲೆಗೇ ಬರುತ್ತದೆ. 2022ರ ನವೆಂಬರಿನಲ್ಲಿ, ಅಂದರೆ ನಮ್ಮೂರಿಗೆ ಜೀಪು ಬಂದ ತಿಂಗಳಲ್ಲೇ, ಧಾರವಾಡ ಹೈಕೋರ್ಟ್ ಪೀಠ ಹದಿನಾರು ದಾಟಿದ ಹುಡುಗಿಯರ ಪ್ರಕರಣಗಳನ್ನು ನೋಡಿ ಸಮ್ಮತಿಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. ವಯಸ್ಸನ್ನು ಇಳಿಸುವುದೇ ದಾರಿ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಬಸುರಿಯೊಬ್ಬಳು ನರ್ಸಿಗೆ ಹೆದರುವಂತೆ ಮಾಡುವ ಕಾನೂನನ್ನು ಮಕ್ಕಳ ರಕ್ಷಣೆ ಅಂತ ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. 2024ರ ಅಕ್ಟೋಬರಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟೂ ಬಾಲ್ಯವಿವಾಹದ ವಿಷಯದಲ್ಲಿ ಕೇಸು ಹಾಕುವುದಕ್ಕಿಂತ ಮೊದಲು ತಡೆಯುವ ಕೆಲಸಕ್ಕೆ ಒತ್ತು ಕೊಡಿ ಅಂತ ಹೇಳಿದೆ.

ಹಾಗಾಗಿ ಸರ್ಕಾರ ಬರಬೇಕೋ ಬೇಡವೋ ಅಂತ ಯಾರಾದರೂ ಕೇಳಿದರೆ ನಾನು ಬರಬೇಕು ಅಂತಲೇ ಹೇಳುತ್ತೇನೆ. ನಾನು ಫೋನ್ ಮಾಡಿದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಿಲ್ಲ. ಆದರೆ ಬಂದವರು ಮರುದಿನದ ರಾತ್ರಿಯನ್ನೂ ಕೈಯಲ್ಲಿ ಹಿಡಿದುಕೊಂಡು ಬರಬೇಕಿತ್ತು. ಜೀಪಿನಲ್ಲಿ ಐದು ಜನ ಇದ್ದರು. ಪೊಲೀಸ್ ಇಲಾಖೆ, ಪಂಚಾಯಿತಿ, ಮಹಿಳಾ ಮತ್ತು ಮಕ್ಕಳ ಇಲಾಖೆ ಎಲ್ಲ ಇತ್ತು. ಹಾಸ್ಟೆಲ್ ನಡೆಸುವ ಇಲಾಖೆಯ ಒಬ್ಬರೂ ಇರಲಿಲ್ಲ. ತಾಲ್ಲೂಕಿಗೆ ಹತ್ತು ಹಾಸಿಗೆ ವರ್ಷವಿಡೀ ಖಾಲಿ ಇಟ್ಟು, ಯಾವ ತಿಂಗಳಲ್ಲಿ ಬಂದರೂ ಪ್ರವೇಶ ಕೊಡುವ ಅಧಿಕಾರವನ್ನು ಅದೇ ಸಿಡಿಪಿಒ ಕೈಗೆ ಕೊಟ್ಟರೆ ಬೊಕ್ಕಸ ಬರಿದಾಗುವುದಿಲ್ಲ. ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್ ಅನ್ನುವ ಯೋಜನೆ ಕಾಗದದ ಮೇಲೆ ಹಳೆಯದೇ. ಅದು ಹೈಸ್ಕೂಲಿನ ಹುಡುಗಿಯರಿಗೆ, ದೀಪಾವಳಿಗೆ ಮೊದಲು ಸಿಗಬೇಕು. ಮುಂಗಡ ಇಸ್ಕೊಂಡ ಮೇಲೆ ಆ ಮನೆಯಲ್ಲಿ ಬೇರೆ ದಾರಿ ಯೋಚಿಸಲು ಸಮಯ ಉಳಿದಿರುವುದಿಲ್ಲ.

ಆ ಹುಡುಗಿಯನ್ನು ನಾನು ಮತ್ತೆ ನೋಡಿದ್ದು 2025ರಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ಮಿರ್ಚಿ ಅಂಗಡಿಯ ಮುಂದೆ ನಿಂತಿದ್ದಳು, ಕಂಕುಳಲ್ಲಿ ಆರೇಳು ತಿಂಗಳ ಗಂಡುಕೂಸು. ನಾನೇ ಮೊದಲು ಮುಖ ತಿರುಗಿಸಿದೆ, ಅವಳು ಬಂದು ಕೈ ಹಿಡಿದುಕೊಂಡಳು. ಗಂಡ ಒಳ್ಳೆಯವನು, ಬಡಿಯುವುದಿಲ್ಲ ಅಂದಳು. ಹೆರಿಗೆಗೆ ಎಲ್ಲಿಗೆ ಹೋಗಿದ್ದೆ ಅಂದೆ, ಉತ್ತರ ಕೊಡಲಿಲ್ಲ. ಕೂಸಿನ ಬಾಯಿ ಒರೆಸುತ್ತ,

"ಫೋನ್ ಮಾಡಿದ್ದು ನೀವs ಅಂತ ನನಗ ಗೊತ್ತಿತ್ರಿ ಅಕ್ಕಾರ" ಅಂದಳು.

ನಾನು ಸುಮ್ಮನೆ ನಿಂತೆ.

"ಅಲ್ಲಿ ಹನ್ನೆರಡು ದಿನ ಚೊಲೋ ಇತ್ತು. ರಾತ್ರಿ ಹತ್ತರ ತನಾ ಲೈಟ್ ಇರತಿತ್ತು. ನನಗ ಒಂದು ಮಂಚ ಕೊಟ್ಟಿದ್ರು." ಸ್ವಲ್ಪ ಹೊತ್ತು ಬಿಟ್ಟು, "ಯಾಕ ವಾಪಸ್ ಕಳಿಸಿದ್ರಿ?" ಅಂದಳು.

ಕಳಿಸಿದ್ದು ನಾನಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೆ ಜೀಪು, ಸಮಿತಿ, ಬಾಲಮಂದಿರ, ಶಾಲೆ, ನಾನು ಎಲ್ಲ ಒಂದೇ. ಅವಳ ಲೆಕ್ಕ ಸರಿ ಇದೆ.

ಈಗ ನಾನು ಮೇ ತಿಂಗಳಲ್ಲೇ ಪಟ್ಟಿ ಮಾಡುತ್ತೇನೆ. ಏಳರಿಂದ ಹತ್ತನೇ ತರಗತಿಯ ಹುಡುಗಿಯರಲ್ಲಿ ಯಾರ ಮನೆಯವರು ಗುಳೆ ಹೋಗುತ್ತಾರೆ, ಮನೆಯಲ್ಲಿ ಯಾರು ಉಳಿಯುತ್ತಾರೆ, ಉಳಿಯುವವರಿಗೆ ಕಣ್ಣು ಕಾಣುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ. ಜೂನ್ ಮೊದಲ ವಾರದಲ್ಲಿ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಎಲ್ಲ ಜೋಡಿಸಿ ಅರ್ಜಿ ಹಾಕಿಸುತ್ತೇನೆ. ಅವ್ವಂದಿರನ್ನು ಒಂದು ದಿನ ಕರೆದೊಯ್ದು ಹಾಸ್ಟೆಲ್ ತೋರಿಸಿಕೊಂಡು ಬರುತ್ತೇನೆ. ಮೊದಲು ಅವರು ನೋಡುವುದು ಅಡುಗೆಮನೆಯನ್ನಲ್ಲ, ಕಂಪೌಂಡ್ ಗೋಡೆಯ ಎತ್ತರವನ್ನು. ಈ ವರ್ಷದ ಪಟ್ಟಿಯಲ್ಲಿ ಏಳು ಹೆಸರು ಇದ್ದವು. ನಾಲ್ಕು ಜನಕ್ಕೆ ಸೀಟು ಸಿಕ್ಕಿದೆ. ಒಬ್ಬಳ ಅವ್ವ ಈ ಸಲ ಗುಳೆ ಹೋಗುವುದಿಲ್ಲ ಅಂದಿದ್ದಾಳೆ, ಮಗಳಿಗಾಗಿ. ಇನ್ನಿಬ್ಬರಿಗೆ ಏನು ಮಾಡಬೇಕು ಅಂತ ತಿಳಿದಿಲ್ಲ. ಅವರಲ್ಲಿ ಒಬ್ಬಳ ಹತ್ತಿರ ನಮ್ಮ ಬೀರುವಿನ ಪುಸ್ತಕ ಒಂದಿದೆ. ಅದನ್ನು ವಾಪಸ್ ಕೊಡು ಅಂತ ನಾನು ಕೇಳಿಲ್ಲ.